ಸರಾಸರಿ ಎಂಬ ತಕ್ಕಡಿ

ಕ್ರಿಕೆಟ್ ಋತು ಮುಗಿದ ಮೇಲೆ ವೃತ್ತಪತ್ರಿಕೆಗಳ ಆಟೋಟದ ಪುಟದಲ್ಲಿ ಒಂದು ಪಟ್ಟಿ ಪ್ರಕಟವಾಗುವುದುಂಟು. ಎಡಗಡೆಗೆ ಆಟಗಾರರ ಹೆಸರು, ಅದರ ಮುಂದೆ ಆಡಿದ ಪಂದ್ಯಗಳು, ಇನ್ನಿಂಗ್ಸುಗಳು, ಔಟಾಗದೆ ಉಳಿದ ಸಂದರ್ಭಗಳು, ಒಟ್ಟು ರನ್ನುಗಳು, ಕಟ್ಟಕಡೆಗೆ ಸರಾಸರಿ. ಹೋಳಿಗೆಗಾಗಿಯೇ ಕಾದು ಕುಳಿತ ಅತಿಥಿ ಕೋಸಂಬರಿಯನ್ನು ಮುಟ್ಟಿಯೂ ನೋಡದಿರುವಂತೆ, ನಮ್ಮಲ್ಲಿ ಹಲವರು ನಡುವಣ ಅಂಕಿಗಳನ್ನೆಲ್ಲ ಹಾರಿ ನೇರವಾಗಿ ಆ ಕೊನೆಯ ಸಾಲಿಗೆ ಕಣ್ಣು ಹಾಯಿಸುತ್ತಾರೆ. ಮೊದಲಿಗ ಯಾರು, ಎರಡನೆಯವನು ಯಾರು ಎಂಬುದನ್ನು ತಿಳಿದುಕೊಂಡು ಪತ್ರಿಕೆಯನ್ನು ಮಡಿಸಿಡುತ್ತಾರೆ. ಎರಡು ದಶಮಾಂಶ ಸ್ಥಾನಗಳವರೆಗೆ ತೂಗಿಕೊಟ್ಟ ಆ ಸಂಖ್ಯೆಗೆ ಅಕ್ಕಸಾಲಿಗನ ತಕ್ಕಡಿಗಿರುವ ಮರ್ಯಾದೆಯಿದೆ. ಅದನ್ನು ನಂಬಿ ಆಯ್ಕೆಗಾರರು ಒಬ್ಬನನ್ನು ಎತ್ತುತ್ತಾರೆ, ಇನ್ನೊಬ್ಬನನ್ನು ಇಳಿಸುತ್ತಾರೆ. ಆದುದರಿಂದ ಈ ತಕ್ಕಡಿ ಎಲ್ಲಿಂದ ಬಂತು, ಏನನ್ನು ತೂಗಬಲ್ಲದು, ಏನನ್ನು ತೂಗಲಾರದು ಎಂದು ವಿಚಾರಿಸುವುದು ಕೇವಲ ಹೊತ್ತು ಕಳೆಯುವ ಮಾತಲ್ಲ.

ಮೊದಲು ಹೆಸರನ್ನು ನೋಡೋಣ. ‘ಸರಾಸರಿ’ ನಮ್ಮ ನುಡಿಗೆ ಪಾರಸಿಯಿಂದ ಬಂದ ಮಾತು. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಎಂಬುದು ಅದರ ಮೂಲಾರ್ಥ. ಇಂಗ್ಲಿಷಿನ ‘ಆವರೇಜ್’ ಶಬ್ದದ ಚರಿತ್ರೆ ಇನ್ನೂ ಸ್ವಾರಸ್ಯವಾದುದು. ಅದರ ಬೇರು ಅರಬ್ಬೀ ಭಾಷೆಯಲ್ಲಿದೆ. ಅಲ್ಲಿ ಅದಕ್ಕೆ ಹಾಳಾದ ಸರಕು ಎಂಬ ಅರ್ಥ. ಬಿರುಗಾಳಿಗೆ ಸಿಕ್ಕಿದ ಹಡಗನ್ನು ಹಗುರಮಾಡಲು ಕೆಲವರ ಸರಕನ್ನು ಸಮುದ್ರಕ್ಕೆ ಎಸೆಯಬೇಕಾಗುತ್ತಿತ್ತು. ಆ ನಷ್ಟವನ್ನು ಹಡಗಿನಲ್ಲಿ ಸರಕಿಟ್ಟ ವರ್ತಕರೆಲ್ಲರೂ ಪಾಲುಪ್ರಕಾರ ಹಂಚಿಕೊಳ್ಳುವ ಕ್ರಮವಿತ್ತು. ಆ ಹಂಚಿಕೆಯ ಲೆಕ್ಕವೇ ಇಟಲಿಯ ಬಂದರುಗಳನ್ನು ಹಾದು ಇಂಗ್ಲೆಂಡಿಗೆ ಬಂದು ಆವರೇಜ್ ಆಯಿತು. ಒಬ್ಬನ ನಷ್ಟವನ್ನು ಹತ್ತು ಜನ ಹೊರುವುದಕ್ಕಾಗಿ ಹುಟ್ಟಿದ ಲೆಕ್ಕ ಇಂದು ಹತ್ತು ದಿನದ ಭಾರವನ್ನು ಒಬ್ಬನ ಹೆಸರಿನ ಮುಂದೆ ಇಡುವುದಕ್ಕೆ ಬಳಕೆಯಾಗುತ್ತಿದೆ!

ನಮ್ಮ ಕಾಫಿ ಸೀಮೆಯವರಿಗೆ ಸರಾಸರಿ ಹೊಸ ವಿಷಯವಲ್ಲ. ಹೇಮಾವತಿ ಹುಟ್ಟುವ ಜಾವಳಿಯ ಸುತ್ತ, ಮೂಡಿಗೆರೆ ಕಳಸಗಳ ತೋಟಗಳಲ್ಲಿ, ಮಳೆಮಾಪಕವನ್ನಿಟ್ಟು ಇಂಚು ಸೆಂಟುಗಳ ಲೆಕ್ಕ ಬರೆದಿಡುವುದು ಹಳೆಯ ರೂಢಿ. ವರ್ಷದ ಮಳೆ ಇಷ್ಟು, ಹತ್ತು ವರ್ಷದ ಸರಾಸರಿ ಇಷ್ಟು ಎಂದು ಹಿರಿಯರು ಪುಸ್ತಕ ತೆಗೆದು ತೋರಿಸುತ್ತಾರೆ. ಆದರೆ ಅದೇ ಹಿರಿಯರನ್ನು ಈ ವರ್ಷದ ಫಸಲು ಹೇಗೆಂದು ಕೇಳಿದರೆ ಅವರು ಸರಾಸರಿಯ ಮಾತನ್ನೇ ಎತ್ತುವುದಿಲ್ಲ. ಹೂಮಳೆ ಬಿತ್ತೇ, ಯಾವಾಗ ಬಿತ್ತು, ಅದರ ಹಿಂದೆ ಕಾಯಿಗಟ್ಟುವ ಮಳೆ ಬಂತೇ ಎಂದು ಮಾತ್ರ ನೋಡುತ್ತಾರೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಆಕಾಶವೇ ಕಳಚಿ ಬಿದ್ದರೂ ಫೆಬ್ರವರಿ ಮಾರ್ಚಿಗಳಲ್ಲಿ ಬರಬೇಕಾಗಿದ್ದ ಒಂದಿಂಚು ಬಾರದಿದ್ದರೆ ರೊಬಸ್ಟಾ ಗಿಡದ ಮೊಗ್ಗು ಕರಟಿಹೋಗುತ್ತದೆ. ವರ್ಷದ ಸರಾಸರಿ ಸರಿಯಾಗಿಯೇ ಇರುತ್ತದೆ. ಗಿಡದಲ್ಲಿ ಕಾಯಿ ಇರುವುದಿಲ್ಲ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಆಟದ ಮೈದಾನಕ್ಕೆ ಹೋಗೋಣ.

ಇಂಗ್ಲೆಂಡಿನಲ್ಲಿ ಮೊದಮೊದಲು ರನ್ನುಗಳನ್ನು ಬರೆಯುತ್ತಿರಲಿಲ್ಲ, ಕೋಲಿನ ಮೇಲೆ ಕಚ್ಚು ಹಾಕುತ್ತಿದ್ದರು. ನಮ್ಮಲ್ಲಿ ಹಾಲಿನವಳ ಲೆಕ್ಕಕ್ಕೆ ಗೋಡೆಯ ಮೇಲೆ ಇದ್ದಿಲಿನ ಗೆರೆ ಎಳೆಯುತ್ತಿದ್ದಂತೆ. ಮುಂದೆ ಪುಸ್ತಕ ಬಂತು, ಭಾಗಾಹಾರ ಬಂತು. ಆಗಿನ ಸರಾಸರಿಗೆ ದಶಮಾಂಶವಿರಲಿಲ್ಲ. ಭಾಗಿಸಿ ಬಂದ ಸಂಖ್ಯೆಯನ್ನೂ ಮಿಕ್ಕ ಶೇಷವನ್ನೂ ಅಕ್ಕಪಕ್ಕ ಬರೆದು ಬಿಡುತ್ತಿದ್ದರು. ಕ್ರಮೇಣ ಔಟಾಗದ ಇನ್ನಿಂಗ್ಸನ್ನು ಭಾಜಕದಿಂದ ಕಳೆಯುವ ಪದ್ಧತಿ ನೆಲೆಗೊಂಡಿತು. ಒಬ್ಬನು ಗಳಿಸಿದ ರನ್ನುಗಳನ್ನು ಅವನು ಔಟಾದ ಸಲಗಳಿಂದ ಭಾಗಿಸಬೇಕು - ಇಂದಿಗೂ ಇದೇ ಸೂತ್ರ.

ಇದೇ ವಿದ್ಯೆ ಹಡಗು ಹತ್ತಿ ಅಮೆರಿಕಕ್ಕೂ ಹೋಯಿತು. ೧೮೨೪ರಲ್ಲಿ ಇಂಗ್ಲೆಂಡಿನ ಎಕ್ಸೆಟರಿನಲ್ಲಿ ಹುಟ್ಟಿದ ಹೆನ್ರಿ ಚಾಡ್ವಿಕ್ ಎಂಬವನು ಬಾಲ್ಯದಲ್ಲಿಯೇ ಆ ದೇಶಕ್ಕೆ ಹೋಗಿ, ಪತ್ರಿಕೆಗಳಲ್ಲಿ ಬೇಸ್‌ಬಾಲ್ ಆಟದ ವರದಿಗಾರನಾಗಿ, ಕ್ರಿಕೆಟ್ಟಿನ ಲೆಕ್ಕಪತ್ರದ ಸಂಪ್ರದಾಯವನ್ನು ಆ ಆಟಕ್ಕೆ ಅಳವಡಿಸಿದನು. ಬೇಸ್‌ಬಾಲಿನ ಸರಾಸರಿ ನಮ್ಮದಕ್ಕಿಂತ ಬೇರೆ. ದಾಂಡು ಹಿಡಿದು ನಿಂತ ಸರದಿಗಳಲ್ಲಿ ಎಷ್ಟು ಸಲ ಚೆಂಡನ್ನು ಹೊಡೆದು ಮೊದಲ ನೆಲೆಯನ್ನು ಸುರಕ್ಷಿತವಾಗಿ ಮುಟ್ಟಿದನೆಂಬುದನ್ನು ಅದು ಹೇಳುತ್ತದೆ. ಹತ್ತರಲ್ಲಿ ಮೂರು ಸಲ ಗೆದ್ದವನು ಅಲ್ಲಿ ಒಳ್ಳೆಯ ದಾಂಡಿಗ. ನಾಲ್ಕು ಸಲ ಗೆದ್ದವನು ಅವತಾರಪುರುಷ. ಹತ್ತರಲ್ಲಿ ಏಳು ಸಲ ಸೋತವನನ್ನು ಕೊಂಡಾಡುವ ಆ ಲೆಕ್ಕದಲ್ಲಿ ಒಂದು ಬಗೆಯ ಔದಾರ್ಯವಿದೆ ಎನ್ನಬೇಕು.

ಆದರೆ ಸರಾಸರಿಯ ಮೊದಲ ಸ್ಥಾನಕ್ಕೆ ಬಹುಮಾನ ಕಟ್ಟಿದರೆ ಏನಾಗುತ್ತದೆಂಬುದನ್ನೂ ಆ ಆಟವೇ ತೋರಿಸಿಕೊಟ್ಟಿತು. ೧೯೧೦ರಲ್ಲಿ ಚಾಮರ್ಸ್ ಎಂಬ ಮೋಟಾರು ಕಂಪನಿಯವರು ಅಗ್ರ ದಾಂಡಿಗನಿಗೆ ಒಂದು ಕಾರನ್ನು ಕೊಡುವುದಾಗಿ ಸಾರಿದರು. ಡೆಟ್ರಾಯಿಟಿನ ಟೈ ಕಾಬ್ ಮುಂದಿದ್ದನು. ಗಳಿಸಿದ್ದನ್ನು ಕಾಪಾಡಿಕೊಳ್ಳಲೆಂದು ಕಡೆಯ ಎರಡು ಪಂದ್ಯಗಳಲ್ಲಿ ಆಡಲೇ ಇಲ್ಲ. ಕ್ಲೀವ್‌ಲ್ಯಾಂಡಿನ ನಾಪ್ ಲಾಜೊಯಿ ಅಕ್ಟೋಬರ್ ೯ರಂದು ಸೇಂಟ್ ಲೂಯಿಯಲ್ಲಿ ಒಂದೇ ದಿನ ಎಂಟು ಹೊಡೆತಗಳನ್ನು ಗಳಿಸಿದನು. ಕಾಬನನ್ನು ಕಂಡರಾಗದ ಎದುರು ತಂಡದ ಮೇಲ್ವಿಚಾರಕ, ತನ್ನ ಕ್ಷೇತ್ರರಕ್ಷಕನನ್ನು ಬೇಕೆಂದೇ ಬಹಳ ಹಿಂದೆ ನಿಲ್ಲಿಸಿದ್ದನೆಂಬುದು ಆಮೇಲೆ ಬಯಲಾಗಿ ಅವನು ಕೆಲಸ ಕಳೆದುಕೊಂಡನು. ಕಾಬನೇ ಕೂದಲೆಳೆಯಷ್ಟು ಮುಂದೆ ಎಂದು ಅಧ್ಯಕ್ಷರು ತೀರ್ಪಿತ್ತರು. ಕಂಪನಿಯವರು ಜಾಣತನದಿಂದ ಇಬ್ಬರಿಗೂ ಕಾರು ಕೊಟ್ಟರು. ಕಥೆ ಅಲ್ಲಿಗೆ ಮುಗಿಯಲಿಲ್ಲ. ಕಾಬನ ಒಂದು ಪಂದ್ಯದ ಲೆಕ್ಕವನ್ನು ಎರಡು ಸಲ ಬರೆದುಕೊಂಡಿದ್ದರೆಂಬುದು ೧೯೮೧ರಲ್ಲಿ ಪ್ರಕಟವಾಯಿತು. ಎಪ್ಪತ್ತು ವರ್ಷ ವೇದವಾಕ್ಯವೆಂದು ನಂಬಿದ ಅಂಕಿ ಗುಮಾಸ್ತನ ಕೈತಪ್ಪಿನ ಫಲವಾಗಿತ್ತು!

ಇದಕ್ಕೆ ವಿರುದ್ಧವಾದ ನಡತೆಯೂ ಉಂಟು. ೧೯೪೧ರ ಸೆಪ್ಟೆಂಬರ್ ೨೮ರ ಬೆಳಿಗ್ಗೆ ಬಾಸ್ಟನ್ನಿನ ಟೆಡ್ ವಿಲಿಯಮ್ಸನ ಸರಾಸರಿ, ಅರ್ಧಕ್ಕಿಂತ ಮೇಲಿನದನ್ನು ಒಂದೆಂದು ಹಿಡಿಯುವ ವಾಡಿಕೆಯಂತೆ, ಸರಿಯಾಗಿ ನಾಲ್ಕು ನೂರರ ಮಟ್ಟದಲ್ಲಿತ್ತು. ಆ ದಿನ ಸುಮ್ಮನೆ ಕುಳಿತಿದ್ದರೆ ಕೀರ್ತಿ ಭದ್ರ. ಅವನು ಎರಡು ಪಂದ್ಯಗಳನ್ನೂ ಆಡಿ, ಎಂಟು ಸರದಿಗಳಲ್ಲಿ ಆರು ಹೊಡೆತ ಗಳಿಸಿ, ನಾಲ್ಕು ನೂರಾ ಆರಕ್ಕೆ ಏರಿಸಿಕೊಂಡನು. ಆ ಆಟದ ಅಭಿಮಾನಿಗಳು ಆ ಸಂಖ್ಯೆಗಿಂತಲೂ ಆ ದಿನ ಅವನು ಆಡಲು ಇಳಿದುದನ್ನು ಹೆಚ್ಚು ನೆನೆಯುತ್ತಾರೆ.

ಕ್ರಿಕೆಟ್ಟಿನಲ್ಲಿ ಔಟಾಗದೆ ಉಳಿಯುವುದೇ ಸರಾಸರಿಯ ಮಾಯಾಜಾಲ. ೧೯೫೩ರಲ್ಲಿ ಇಂಗ್ಲೆಂಡಿಗೆ ಹೋಗಿದ್ದ ಆಸ್ಟ್ರೇಲಿಯಾ ತಂಡದಲ್ಲಿ ಬಿಲ್ ಜಾನ್‌ಸ್ಟನ್ ಎಂಬ ಬೌಲರಿದ್ದನು. ಬಾಲಂಗೋಚಿಯ ದಾಂಡಿಗ. ೧೭ ಇನ್ನಿಂಗ್ಸ್ ಆಡಿ, ೧೬ ಸಲ ಔಟಾಗದೆ ಉಳಿದು, ಒಟ್ಟು ೧೦೨ ರನ್ ಮಾಡಿದನು. ಸರಾಸರಿ ೧೦೨! ಪ್ರವಾಸದ ಪಟ್ಟಿಯಲ್ಲಿ ಅವನೇ ಅಗ್ರಗಣ್ಯ. ಇದಾದದ್ದು, ಬ್ರಾಡ್‌ಮನ್ ೧೯೪೮ರ ಆಗಸ್ಟ್ ೧೪ರಂದು ಓವಲ್ ಮೈದಾನದಲ್ಲಿ ಹಾಲಿಸನ ಎರಡನೆಯ ಚೆಂಡಿಗೆ ಸೊನ್ನೆಗೆ ಬೌಲ್ಡಾಗಿ, ೬೯೯೬ ರನ್ ಭಾಗಿಸು ೭೦ ಎಂಬ ಲೆಕ್ಕದಲ್ಲಿ ೯೯.೯೪ಕ್ಕೆ ನಿಂತುಹೋದ ಐದು ವರ್ಷಗಳ ಮೇಲೆ. ನಾಲ್ಕು ರನ್ನಿಗಾಗಿ ಬ್ರಾಡ್‌ಮನ್ನನಿಗೆ ತಪ್ಪಿದ ನೂರು ಒಂದು ಬೇಸಗೆಯ ಮಟ್ಟಿಗೆ ಜಾನ್‌ಸ್ಟನ್ನನಿಗೆ ದಕ್ಕಿತು. ಪಟ್ಟಿ ಸುಳ್ಳು ಹೇಳಲಿಲ್ಲ. ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟಿತು, ಅಷ್ಟೆ.

ಇನ್ನು ನಮ್ಮ ನಾಡಿನ ಮಾತು. ರಣಜಿ ಪಂದ್ಯಾವಳಿಯ ಮೊಟ್ಟಮೊದಲ ಪಂದ್ಯದಲ್ಲಿ ಆಡಿದ ಎರಡು ತಂಡಗಳಲ್ಲಿ ಮೈಸೂರೂ ಒಂದು. ೧೯೩೪ರ ನವೆಂಬರ್ ೪, ಮದರಾಸಿನ ಚೇಪಾಕ್. ಮೊದಲ ಚೆಂಡನ್ನು ಎಂ. ಜೆ. ಗೋಪಾಲನ್ ಎಸೆದರು; ಎದುರಿಸಿದವರು ಮೈಸೂರಿನ ಕರ್ಟಿಸ್. ಸಾಯಂಕಾಲದೊಳಗೆ ಪಂದ್ಯವೇ ಮುಗಿದುಹೋಯಿತು! ಮೈಸೂರು ೪೮ ಮತ್ತು ೫೯, ಮದರಾಸು ೧೩೦. ಎ. ಜಿ. ರಾಮ್‌ಸಿಂಗ್ ೧೧ ವಿಕೆಟ್ ಪಡೆದರು. ಇಪ್ಪತ್ತು ವಿಕೆಟ್ಟುಗಳಿಗೆ ನೂರಾ ಏಳು ರನ್, ವಿಕೆಟ್ಟಿಗೆ ಐದೂಕಾಲರ ಆಸುಪಾಸು - ನಮ್ಮ ರಾಜ್ಯದ ಲೆಕ್ಕದ ಪುಸ್ತಕ ಶುರುವಾದದ್ದು ಈ ಅಂಕಿಯಿಂದ.

ಅದೇ ಕಾಲದಲ್ಲಿ ಮುಂಬಯಿಯವರು ಸರಾಸರಿಗಳ ಗೋಪುರ ಕಟ್ಟುತ್ತಿದ್ದರು. ವಿಜಯ್ ಮರ್ಚಂಟರ ರಣಜಿ ಸರಾಸರಿ ೯೮.೩೫. ರೂಸಿ ಮೋದಿ ೧೯೪೪-೪೫ರ ಒಂದೇ ಋತುವಿನಲ್ಲಿ ೧೦೦೮ ರನ್ ಮಾಡಿ ೨೦೧.೬೦ರ ಸರಾಸರಿ ಪಡೆದರು. ೧೯೪೧-೪೨ರಲ್ಲಿ ಅಂತಿಮ ಪಂದ್ಯ ಮುಟ್ಟಿದ ಮೈಸೂರು ಆ ಮುಂಬಯಿಯ ಕೈಯಲ್ಲಿಯೇ ಇನ್ನಿಂಗ್ಸ್ ಸೋಲು ಕಂಡಿತು; ೧೯೫೯-೬೦ರಲ್ಲಿಯೂ ಅದೇ ಕಥೆ. ರಾಜ್ಯಕ್ಕೆ ಕರ್ನಾಟಕವೆಂದು ಹೆಸರು ಬಂದ ೧೯೭೩-೭೪ರ ಋತುವಿನಲ್ಲಿಯೇ, ಪ್ರಸನ್ನರ ನಾಯಕತ್ವದಲ್ಲಿ, ಬೆಂಗಳೂರಿನ ಉಪಾಂತ್ಯ ಪಂದ್ಯದಲ್ಲಿ ಮುಂಬಯಿಯ ಹದಿನೈದು ವರ್ಷಗಳ ದೊರೆತನ ಮುಗಿಯಿತು. ಜಯಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಕಪ್ಪನ್ನು ತಂದರು. ಆ ಉಪಾಂತ್ಯ ಪಂದ್ಯದಲ್ಲಿ ವಿಶ್ವನಾಥ್ ೧೬೨, ಬ್ರಿಜೇಶ್ ಪಟೇಲ್ ೧೦೬.

ಭದ್ರಾವತಿಯಲ್ಲಿ ೧೯೪೯ರಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥರ ಟೆಸ್ಟ್ ಸರಾಸರಿ ೪೧.೯೩. ೯೧ ಪಂದ್ಯಗಳು, ೬೦೮೦ ರನ್ನುಗಳು. ಇಂದಿನ ಪಟ್ಟಿಯಲ್ಲಿ ಅದನ್ನು ಹುಡುಕಲು ಬೆರಳನ್ನು ಬಹಳ ಕೆಳಗೆ ಸರಿಸಬೇಕು. ಆದರೆ ಅವರು ಶತಕ ಹೊಡೆದ ಟೆಸ್ಟ್ ಪಂದ್ಯಗಳಲ್ಲಿ ಒಂದನ್ನೂ ಭಾರತ ಸೋಲಲಿಲ್ಲವೆಂಬುದಕ್ಕೆ ಆ ಪಟ್ಟಿಯಲ್ಲಿ ಕಂಬಸಾಲಿಲ್ಲ. ೧೯೭೫ರ ಜನವರಿಯಲ್ಲಿ ಚೇಪಾಕಿನಲ್ಲಿ ಆಂಡಿ ರಾಬರ್ಟ್ಸ್ ಏಳು ವಿಕೆಟ್ ಕಿತ್ತಾಗ, ೧೯೦ರ ಮೊತ್ತದಲ್ಲಿ ೯೭ ಅವರದೇ. ಜೊತೆಗಾರರು ಮುಗಿದುಹೋದ ಕಾರಣ ಶತಕ ತಪ್ಪಿತು, ಪಂದ್ಯ ಮಾತ್ರ ಗೆದ್ದಿತು. ಆ ಕೊನೆಯ ಜೊತೆಗಾರ ಬಿ. ಎಸ್. ಚಂದ್ರಶೇಖರ್. ಅವರ ಟೆಸ್ಟ್ ಸರಾಸರಿ ೪.೦೭! ಮಾಡಿದ ರನ್ ೧೬೭, ಕಿತ್ತ ವಿಕೆಟ್ ೨೪೨. ೧೯೭೧ರಲ್ಲಿ ಓವಲ್ಲಿನಲ್ಲಿ ೩೮ ರನ್ನಿಗೆ ಆರು ವಿಕೆಟ್ ಪಡೆದು ಇಂಗ್ಲೆಂಡಿನ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವನ್ನು ತಂದವರನ್ನು ದಾಂಡಿಗರ ಪಟ್ಟಿಯಲ್ಲಿ ಎಲ್ಲಿ ಕೂರಿಸೋಣ?

ಹಾಗೆಂದು ಸರಾಸರಿಯನ್ನು ಹಳಿಯುವುದೂ ಸಲ್ಲದು. ರಾಹುಲ್ ದ್ರಾವಿಡರ ೫೨.೩೧ ಸುಳ್ಳಲ್ಲ, ೧೬೪ ಟೆಸ್ಟುಗಳ ಉದ್ದಕ್ಕೂ ಹರಡಿಕೊಂಡ ಸಂಖ್ಯೆ ಅದು. ೨೦೦೩ರ ಡಿಸೆಂಬರಿನಲ್ಲಿ ಅಡಿಲೇಡಿನಲ್ಲಿ ಅವರು ೨೩೩ ಮತ್ತು ಔಟಾಗದೆ ೭೨ ಮಾಡಿ ಪಂದ್ಯ ಗೆಲ್ಲಿಸಿದರು. ಆ ಸರಣಿಯ ೧೨೩.೮೦ರ ಸರಾಸರಿ ಆಟದ ಯಥಾರ್ಥ ಚಿತ್ರವೇ ಆಗಿತ್ತು. ತಕ್ಕಡಿಯ ಮೇಲೆ ಹೆಚ್ಚು ಸರಕಿಟ್ಟಷ್ಟೂ ಮುಳ್ಳು ನಿಲ್ಲುತ್ತದೆ. ಕಡಿಮೆ ಇಟ್ಟಷ್ಟೂ ತೂಗಾಡುತ್ತದೆ. ಒಂದೇ ಋತುವಿನ ಸರಾಸರಿಯಲ್ಲಿ ಇರುವ ತೊಡಕು ಇದೇ.

೨೦೧೭-೧೮ರ ರಣಜಿ ಋತುವನ್ನು ನೋಡಬಹುದು. ಕರ್ನಾಟಕದ ಮಯಂಕ್ ಅಗರ್ವಾಲ್ ಮೊದಲ ಮೂರು ಇನ್ನಿಂಗ್ಸುಗಳಲ್ಲಿ ಮಾಡಿದ್ದು ೩೧, ೦, ೦. ಸರಾಸರಿ ಹತ್ತು ಚಿಲ್ಲರೆ. ನಾಲ್ಕನೆಯದರಲ್ಲಿ ಮಹಾರಾಷ್ಟ್ರದ ಮೇಲೆ ಔಟಾಗದೆ ೩೦೪. ಸರಾಸರಿ ಒಮ್ಮೆಗೇ ನೂರಾ ಹನ್ನೊಂದನ್ನು ದಾಟಿತು. ಒಂದು ಇನ್ನಿಂಗ್ಸಿನ ಹಿಂದೆ ಕೈಬಿಡಬೇಕಾದ ಆಟಗಾರ, ಅದರ ಮುಂದೆ ಕೈಬಿಡಲಾಗದ ಆಟಗಾರ! ಆ ನವೆಂಬರ್ ಒಂದೇ ತಿಂಗಳಲ್ಲಿ ಅವರು ಸಾವಿರ ರನ್ ದಾಟಿದರು. ಋತುವಿನ ಕೊನೆಗೆ ೧೧೬೦ ರನ್, ಸರಾಸರಿ ೧೦೫.೪೫. ಆದರೆ ಕಲ್ಕತ್ತೆಯಲ್ಲಿ ವಿದರ್ಭದ ಎದುರು ನಡೆದ ಉಪಾಂತ್ಯ ಪಂದ್ಯದಲ್ಲಿ ಅವರಿಗೆ ದಕ್ಕಿದ್ದು ೧೫ ಮತ್ತು ೩. ಕರ್ನಾಟಕ ಸೋತದ್ದು ಕೇವಲ ಐದು ರನ್ನುಗಳಿಂದ. ಇದನ್ನು ಹೇಳುವುದು ಅವರ ಮೇಲೆ ತಪ್ಪು ಹೊರಿಸುವುದಕ್ಕಲ್ಲ. ಅವರಿಲ್ಲದಿದ್ದರೆ ತಂಡ ಅಲ್ಲಿಯವರೆಗೆ ಬರುವುದೇ ಕಷ್ಟವಿತ್ತು. ಮಳೆ ಎಷ್ಟು ಬಿತ್ತೆಂಬುದರ ಜೊತೆಗೆ ಯಾವಾಗ ಬಿತ್ತೆಂಬುದನ್ನೂ ನೋಡಬೇಕೆಂಬುದಕ್ಕಾಗಿ.

ಆ ಪಂದ್ಯದಲ್ಲಿ ಕರ್ನಾಟಕದ ಪರವಾಗಿ ೧೫೩ ರನ್ ಮಾಡಿದವರು ಕರುಣ್ ನಾಯರ್. ಸರಾಸರಿಯ ಸುಖದುಃಖಗಳೆರಡನ್ನೂ ಅವರಷ್ಟು ಕಂಡವರು ವಿರಳ. ೨೦೧೬ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡಿನ ಮೇಲೆ ಅವರು ಔಟಾಗದೆ ೩೦೩ ರನ್ ಮಾಡಿದರು. ಮುಂದಿನ ಟೆಸ್ಟಿನಲ್ಲಿಯೇ ಅವರಿಗೆ ಜಾಗವಿರಲಿಲ್ಲ. ಆಮೇಲೆ ಮೂರು ಪಂದ್ಯ ಸಿಕ್ಕವು. ೨೦೧೭ರ ಮಾರ್ಚಿಗೆ ಅದೂ ಮುಗಿಯಿತು. ಆಗ ಅವರ ಟೆಸ್ಟ್ ಸರಾಸರಿ ೬೨.೩೩. ಇಷ್ಟಿದ್ದವನನ್ನು ಕೈಬಿಡುವುದುಂಟೇ ಎಂದು ಅಭಿಮಾನಿಗಳು ಕೇಳಿದರು. ಆ ಒಂದು ಇನ್ನಿಂಗ್ಸನ್ನು ತೆಗೆದರೆ ಉಳಿದ ಆರರಲ್ಲಿ ೭೧ ರನ್, ಸರಾಸರಿ ಹನ್ನೆರಡೂ ಇಲ್ಲ ಎಂದು ಇತರರು ತೋರಿಸಿದರು. ಇಬ್ಬರ ಲೆಕ್ಕವೂ ಸರಿಯೇ. ಆದರೆ ನಿಜವಾದ ಕರುಣ್ ನಾಯರ್ ಅರವತ್ತೆರಡೂ ಅಲ್ಲ, ಹನ್ನೆರಡೂ ಅಲ್ಲ. ಆರೇ ಸಲ ಔಟಾದ ಆಟಗಾರನ ಮೌಲ್ಯವನ್ನು ಹೇಳಲು ಯಾವ ಭಾಗಾಹಾರಕ್ಕೂ ಅಧಿಕಾರವಿಲ್ಲ.

ಕಾಲಕ್ರಮದಲ್ಲಿ ಕರ್ನಾಟಕದ ತಂಡದಲ್ಲಿಯೂ ಅವರಿಗೆ ಸ್ಥಾನ ತಪ್ಪಿತು. ೨೦೨೨ರ ಡಿಸೆಂಬರಿನಲ್ಲಿ ಅವರು ಆಟವನ್ನೇ ದೇವರೆಂಬಂತೆ ಸಂಬೋಧಿಸಿ ಇನ್ನೊಂದು ಅವಕಾಶ ಕೊಡೆಂದು ಬಹಿರಂಗವಾಗಿ ಬೇಡಿಕೊಂಡರು. ಅನಂತರ ವಿದರ್ಭಕ್ಕೆ ಹೋದರು. ೨೦೨೪-೨೫ರ ವಿಜಯ್ ಹಜಾರೆ ಪಂದ್ಯಾವಳಿಯಲ್ಲಿ ಅವರ ಆಟ ಹೀಗಿತ್ತು: ಔಟಾಗದೆ ೧೧೨, ಔಟಾಗದೆ ೪೪, ಔಟಾಗದೆ ೧೬೩, ಔಟಾಗದೆ ೧೧೧, ೧೧೨, ಔಟಾಗದೆ ೧೨೨, ಔಟಾಗದೆ ೮೮. ಅಂತಿಮ ಪಂದ್ಯಕ್ಕೆ ಬರುವ ಹೊತ್ತಿಗೆ ಒಂದೇ ಸಲ ಔಟಾಗಿ ೭೫೨ ರನ್, ಸರಾಸರಿಯೂ ೭೫೨! ಆ ಅಂತಿಮ ಪಂದ್ಯದಲ್ಲಿ ಎದುರಿಗಿದ್ದದ್ದು ಕರ್ನಾಟಕವೇ. ೨೦೨೫ರ ಜನವರಿ ೧೮ರಂದು ವಡೋದರದಲ್ಲಿ ಅವರು ೨೭ಕ್ಕೆ ಔಟಾದರು, ಕರ್ನಾಟಕ ೩೬ ರನ್ನುಗಳಿಂದ ಗೆದ್ದಿತು. ಪಂದ್ಯಾವಳಿಯ ಸರಾಸರಿ ೩೮೯.೫೦ಕ್ಕೆ ಇಳಿಯಿತು. ಕನ್ನಡಿಗ ಓದುಗರು ಆ ದಿನ ಸಂತೋಷಪಟ್ಟರೋ ಮರುಗಿದರೋ ಹೇಳುವುದು ಕಷ್ಟ, ಎರಡೂ ಇದ್ದಿರಬೇಕು. ಎಂಟು ವರ್ಷಗಳ ಮೇಲೆ ಟೆಸ್ಟ್ ತಂಡಕ್ಕೆ ಮತ್ತೆ ಕರೆ ಬಂತು. ಅದೇ ವರ್ಷ ಇಂಗ್ಲೆಂಡಿನಲ್ಲಿ ಎಂಟು ಇನ್ನಿಂಗ್ಸುಗಳಲ್ಲಿ ೨೦೫ ರನ್ ಬಂದು, ಒಟ್ಟು ಸರಾಸರಿ ೪೧.೩೫ಕ್ಕೆ ಇಳಿಯಿತು. ವಿಶ್ವನಾಥರ ಸರಾಸರಿಯ ಪಕ್ಕದಲ್ಲಿಯೇ ಬಂದು ನಿಂತಿತೆನ್ನಬಹುದು. ಆದರೆ ಒಂದು ೯೧ ಪಂದ್ಯಗಳ ಬೆವರು, ಇನ್ನೊಂದು ೧೦ ಪಂದ್ಯಗಳದು.

ಇವರೆಲ್ಲರೂ ಒಂದು ದೃಷ್ಟಿಯಿಂದ ಭಾಗ್ಯವಂತರು. ಅವರಿಗೆ ಸರಾಸರಿಯಾದರೂ ಇದೆ. ಯಾರ ಲೆಕ್ಕವನ್ನೂ ಯಾರೂ ಬರೆದಿಡಲಿಲ್ಲವೋ ಅಂಥವರ ಗತಿಯೇನು? ಅಮೆರಿಕದಲ್ಲಿ ಕರಿಯರಿಗೆ ದೊಡ್ಡ ಲೀಗುಗಳ ಬಾಗಿಲು ಮುಚ್ಚಿತ್ತು. ಅವರು ತಮ್ಮದೇ ಲೀಗುಗಳಲ್ಲಿ ಆಡಿದರು. ಅಲ್ಲಿಯ ಜಾಶ್ ಗಿಬ್ಸನ್ ೧೯೪೭ರ ಜನವರಿಯಲ್ಲಿ ತೀರಿಕೊಂಡನು. ಅದೇ ಏಪ್ರಿಲ್ಲಿನಲ್ಲಿ ಜಾಕಿ ರಾಬಿನ್‌ಸನ್ನನಿಗೆ ಬಾಗಿಲು ತೆರೆಯಿತು. ಸಂಶೋಧಕರು ಹಳೆಯ ಪತ್ರಿಕೆಗಳ ಮೂಲೆಗಳನ್ನು ವರ್ಷಾನುಗಟ್ಟಲೆ ಕೆದಕಿ ಆ ಪಂದ್ಯಗಳ ಅಂಕಿಗಳನ್ನು ಕೂಡಿಹಾಕಿದರು. ೨೦೨೪ರ ಮೇ ತಿಂಗಳಲ್ಲಿ ಅವು ಅಧಿಕೃತ ದಾಖಲೆಗೆ ಸೇರಿದಾಗ, ಜೀವಮಾನದ ಸರಾಸರಿಯಲ್ಲಿ ಟೈ ಕಾಬನನ್ನು ಹಿಂದೆ ಹಾಕಿ ಗಿಬ್ಸನ್ ಮೊದಲಿಗನಾದನು. ೧೯೪೩ರ ಅವನ ಸರಾಸರಿ ಒಂದು ಋತುವಿನ ಅತ್ಯುಚ್ಚ ದಾಖಲೆಯಾಯಿತು. ಸತ್ತು ಎಪ್ಪತ್ತೇಳು ವರ್ಷಗಳ ಮೇಲೆ! ನಮ್ಮಲ್ಲಿಯೂ, ಧಾರವಾಡದಲ್ಲಿ ಹುಟ್ಟಿದ ಪಾಲ್ವಣಕರ್ ಬಾಳೂ ಅವರಿಗೆ ಪುಣೆಯಲ್ಲಿ ಜಾತಿಯ ಕಾರಣದಿಂದ ಚಹವನ್ನು ಹೊರಗೆ ಬೇರೆ ಲೋಟದಲ್ಲಿ ಕೊಡುತ್ತಿದ್ದರು. ಆದರೆ ೧೯೧೧ರ ಇಂಗ್ಲೆಂಡ್ ಪ್ರವಾಸದಲ್ಲಿ ಅವರು ಪಡೆದ ನೂರಕ್ಕೂ ಹೆಚ್ಚು ವಿಕೆಟ್ಟುಗಳನ್ನು ಯಾರೂ ಬೇರೆ ಲೋಟದಲ್ಲಿ ಇಡಲಾಗಲಿಲ್ಲ. ಬರೆದಿಟ್ಟ ಅಂಕಿಗೆ ಮಡಿಮೈಲಿಗೆಯಿಲ್ಲ. ಸರಾಸರಿಯ ಪರವಾಗಿ ಹೇಳಬಹುದಾದ ಅತ್ಯಂತ ದೊಡ್ಡ ಮಾತು ಇದೇ.

ನಮ್ಮ ಚಿಕ್ಕಮಗಳೂರು ಜಿಲ್ಲೆಯ ಕಡೂರಿನಲ್ಲಿ ೧೯೯೨ರಲ್ಲಿ ಹುಟ್ಟಿದ ವೇದಾ ಕೃಷ್ಣಮೂರ್ತಿ ೨೦೧೭ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡಿನ ಮೇಲೆ ೪೫ ಚೆಂಡುಗಳಲ್ಲಿ ೭೦ ರನ್ ಮಾಡಿದರು. ಅದೇ ಪಂದ್ಯದಲ್ಲಿ ವಿಜಯಪುರ ಸೀಮೆಯ ರಾಜೇಶ್ವರಿ ಗಾಯಕವಾಡ್ ೧೫ ರನ್ನಿಗೆ ಐದು ವಿಕೆಟ್ ಪಡೆದರು. ಭಾರತ ಉಪಾಂತ್ಯ ಘಟ್ಟ ಸೇರಿತು. ವೇದಾ ಅವರ ಏಕದಿನ ಸರಾಸರಿ ಇಪ್ಪತ್ತಾರನ್ನು ಮುಟ್ಟಲಿಲ್ಲ. ಆದರೆ ಅಂದಿನ ಎಪ್ಪತ್ತು ಸರಿಯಾದ ಹೊತ್ತಿಗೆ ಬಿದ್ದ ಹೂಮಳೆ.

ಸುಗ್ಗಿ ಮುಗಿದು ಗದ್ದೆ ಒಣಗಿದ ಮೇಲೆ ನಮ್ಮ ಮಲೆನಾಡಿನ ಊರೂರುಗಳಲ್ಲಿ ಹುಡುಗರು ಟೆನಿಸ್ ಚೆಂಡಿನ ಪಂದ್ಯಾವಳಿ ನಡೆಸುತ್ತಾರೆ. ತೋಟದ ಲೈನುಗಳಿಂದ ಬಂದವರೂ ಪೇಟೆಯಿಂದ ಬಂದವರೂ ಜೊತೆಯಾಗಿ ಆಡುತ್ತಾರೆ. ಈಗೀಗ ಹೆಣ್ಣುಮಕ್ಕಳೂ ದಾಂಡು ಹಿಡಿಯುತ್ತಿದ್ದಾರೆ. ಕಪ್ಪು ಯಾರಿಗೆಂಬುದು ಎಲ್ಲರಿಗೂ ನೆನಪಿರುತ್ತದೆ. ಯಾರು ಎಷ್ಟು ಮಾಡಿದರೆಂಬುದು ಮುಂಗಾರಿನ ಮೊದಲ ಮಳೆಗೆ ತೊಳೆದುಹೋಗುತ್ತದೆ. ಮಳೆಯ ಸೆಂಟು ಸೆಂಟನ್ನೂ ಬರೆದಿಡುವ ಸೀಮೆಯವರಿಗೆ ಮಕ್ಕಳ ರನ್ ಬರೆದಿಡುವುದು ಹೊರೆಯಾಗಬಾರದು. ಶಾಲೆಯ ಮೇಷ್ಟರೋ ಯುವಕ ಸಂಘದವರೋ ನಲವತ್ತು ಪುಟದ ಒಂದು ನೋಟುಬುಕ್ಕನ್ನು ಇಟ್ಟರೆ ಸಾಕು. ಆ ಪುಸ್ತಕ ಯಾರ ಯೋಗ್ಯತೆಯನ್ನೂ ಪೂರ್ತಿಯಾಗಿ ಹೇಳಲಾರದು, ನಿಜ. ಆದರೆ ಹೀಗೊಬ್ಬ ಹುಡುಗ ಅಥವಾ ಹುಡುಗಿ ಇದ್ದಳೆಂದು, ಆಡಿದಳೆಂದು ಹೇಳಬಲ್ಲದು. ಉಳಿದ ತೂಕವನ್ನು ಆಟವನ್ನು ಕಣ್ಣಾರೆ ಕಂಡವರು ಕೂಡಿಸಿಕೊಳ್ಳಲಿ.